ಮದರಾಸಿನಿಂದ ವಾಪಸು ಬಂದ ಹೆಬ್ಬೆಟ್ಟು

ಸೇಫ್ಟಿ ಆಫೀಸರ್ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಆಗಾಗ ನನ್ನನ್ನು ನೋಡಲು ಬರುತ್ತಾರೆ. ಕೋಲಾರದ ನನ್ನ ಮನೆಯ ಜಗುಲಿಯಲ್ಲಿ ಕೂತು ಕಾಫಿ ಕುಡಿದು, "ಸಾರ್, ನಿಮ್ಮ ಕಾಲದಲ್ಲಿ ಸ್ಟ್ಯಾಂಡರ್ಡ್ ಎಲ್ಲಾ ಹೇಗಿತ್ತು?" ಅಂತ ಕೇಳುತ್ತಾರೆ. ಸ್ಟ್ಯಾಂಡರ್ಡ್ ಚೆನ್ನಾಗಿಯೇ ಇತ್ತು ಕಣ್ರಪ್ಪಾ. ಅದನ್ನು ಜಾರಿಗೆ ತಂದವನು ನಾನು, ಎಡವಟ್ಟಾಗಿದ್ದು ಅಲ್ಲೇ. ಯಾವಾಗ ನನಗೆ ಪ್ರಮೋಷನ್ ಸಿಕ್ಕಿತು, ಯಾರು ಹಾರ ಹಾಕಿದರು ಎಂಬುದೆಲ್ಲ ಸರ್ವಿಸ್ ರಿಜಿಸ್ಟರಿನಲ್ಲಿದೆ, ಬೇಕಾದವರು ಅಲ್ಲಿ ನೋಡಿಕೊಳ್ಳಲಿ. ನಾನಿಲ್ಲಿ ಬರೆಯುವುದು ಆ ರಿಜಿಸ್ಟರಿಗೆ ಹತ್ತದ ಸಂಗತಿಗಳನ್ನು.

ನಮ್ಮದು ಉಪ್ಪಿನಕಾಯಿ ಕಂಪನಿ. ಅದರ ದೊಡ್ಡ ಕಚೇರಿ ಇದ್ದದ್ದು ಸಮುದ್ರದಾಚೆ, ವರ್ಷದಲ್ಲಿ ಆರು ತಿಂಗಳು ಹಿಮ ಬೀಳುವ ಒಂದು ದೇಶದಲ್ಲಿ. ಅಲ್ಲಿಂದ ಐದಾರು ದೇಶಗಳಲ್ಲಿ ಅವರ ಶಾಖೆಗಳಿದ್ದವು. ಆಫ್ರಿಕಾದ ಒಂದು ದೇಶದಲ್ಲಿ ಅನಾನಸ್, ಇನ್ನೊಂದು ಕಡೆ ಶುಂಠಿ, ನಮ್ಮಲ್ಲಿ ಮಾವಿನಕಾಯಿ. ಎಪ್ಪತ್ತರ ದಶಕದ ಕೊನೆಯಲ್ಲಿ ಕೋಲಾರದಲ್ಲೊಂದು ಆಫೀಸು, ಮಾಲೂರಿನಲ್ಲಿ ಮಣ್ಣಿನ ಜಾಡಿ ಸುಡುವ ಬಟ್ಟಿ, ಮುಳಬಾಗಿಲಿನಲ್ಲಿ ಗೋಡೌನು, ಶ್ರೀನಿವಾಸಪುರದಲ್ಲಿ ಕಾಯಿ ಹೆಚ್ಚಿ ಉಪ್ಪುನೀರಿನ ಪೀಪಾಯಿಗೆ ತುಂಬುವ ಶೆಡ್ಡು, ಇಷ್ಟಕ್ಕೂ ನಾನೊಬ್ಬನೇ ಸೇಫ್ಟಿ ಆಫೀಸರ್. ನನಗೊಂದು ಸ್ಕೂಟರ್ ಕೊಟ್ಟಿದ್ದರು, ಜೊತೆಗೊಂದು ಹಸಿರು ರಟ್ಟಿನ ಪುಸ್ತಕ. ಎಲ್ಲ ದೇಶಗಳಿಗೂ ಅದೊಂದೇ ಪುಸ್ತಕ. ಅದರಲ್ಲಿ ಇದ್ದರೆ ಅಪಾಯ, ಇಲ್ಲದಿದ್ದರೆ ಅಪಾಯವೇ ಅಲ್ಲ.

ಪುಸ್ತಕದ ಮೂರನೇ ಅಧ್ಯಾಯ ಪೂರ್ತಿ ಹಿಮಗಡ್ಡೆಯ ಕುರಿತೇ. ಮೆಟ್ಟಿಲ ಮೇಲೆ ಹಿಮ ಗಟ್ಟಿಯಾದರೆ ಜನ ಜಾರಿ ಬೀಳುತ್ತಾರೆ, ಆದ್ದರಿಂದ ಪ್ರತಿ ಘಟಕದಲ್ಲೂ ಅದರ ಮೇಲೆ ಎರಚಲು ಒಂದು ಮೂಟೆ ಉಪ್ಪು ಇಟ್ಟಿರತಕ್ಕದ್ದು. ನಾನು ಚಾಚೂ ತಪ್ಪದೆ ಮಾಲೂರಿನ ಬಟ್ಟಿಯ ಪಕ್ಕ ಉಪ್ಪಿನ ಮೂಟೆ ಇಡಿಸಿದೆ. ಬಟ್ಟಿಗೆ ಸೌದೆ ಹಾಕುತ್ತಿದ್ದ ಚಿಕ್ಕಣ್ಣ ಎಂಬ ಆಳು ಬೆವರು ಒರೆಸಿಕೊಳ್ಳುತ್ತಾ, "ಇದ್ಯಾಕ್ ಸಾರ್?" ಅಂದ. "ಹಿಮ ಬಿದ್ರೆ ಎರಚೋಕೆ" ಅಂದೆ. ಅವನು ಬೆಂಕಿಯ ಕಡೆ ನೋಡಿದ, ನನ್ನ ಕಡೆ ನೋಡಿದ. "ಸರಿ ಬುಡಿ ಸಾರ್" ಅಂದ.

ಎರಡು ತಿಂಗಳಾದ ಮೇಲೆ ಹೋಗಿ ನೋಡಿದರೆ ಮೂಟೆ ಅರ್ಧ ಖಾಲಿ. ಚಿಕ್ಕಣ್ಣ ದಿನಾ ಒಂದು ಕೊಡ ಮಜ್ಜಿಗೆಗೆ ಅದೇ ಉಪ್ಪು ಹಾಕಿ ಬಟ್ಟಿಯವರಿಗೆಲ್ಲ ಕುಡಿಸುತ್ತಿದ್ದ. ಆ ಬೇಸಿಗೆ ಬಟ್ಟಿಯ ಮುಂದೆ ಯಾರೂ ತಲೆ ಸುತ್ತಿ ಬೀಳಲಿಲ್ಲ. ಶಾಖಕ್ಕೆ ಜನ ಬೀಳುತ್ತಾರೆ ಎಂಬ ಮಾತು ಹಸಿರು ಪುಸ್ತಕದಲ್ಲಿ ಎಲ್ಲೂ ಇರಲಿಲ್ಲವಾದ್ದರಿಂದ ನಾನು ವರದಿಯಲ್ಲಿ "ಉಪ್ಪು ಬಳಸಲಾಗಿದೆ, ಯಾರೂ ಬಿದ್ದಿಲ್ಲ" ಎಂದಷ್ಟೇ ಬರೆದೆ. ಮಾಲೂರಿನಲ್ಲಿ ಹಿಮವನ್ನು ಸಮರ್ಥವಾಗಿ ಎದುರಿಸಿದ್ದಕ್ಕಾಗಿ ದೊಡ್ಡ ಕಚೇರಿಯಿಂದ ನನಗೆ ಪ್ರಶಂಸಾಪತ್ರ ಬಂತು. ನಾನು ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತಗುಲಿಹಾಕಿದೆ. ಹೇಳಿದೆನಲ್ಲ, ಎಡವಟ್ಟಾಗಿದ್ದು ನನ್ನಲ್ಲೇ.

ಮುಳಬಾಗಿಲಿನದು ಬೂಟಿನ ಕತೆ. ಗೋಡೌನಿನಲ್ಲಿ ಕೆಲಸ ಮಾಡುವವರೆಲ್ಲ ಬೆರಳಿನ ಕಡೆ ಕಬ್ಬಿಣ ಕೂರಿಸಿದ ಬೂಟು ಹಾಕಬೇಕು ಅಂತ ನಿಯಮ. ಬೂಟು ಕೊಡಿಸಿದೆವು. ಆದರೆ ತಿನ್ನುವ ಪದಾರ್ಥ ಇಟ್ಟ ಜಾಗಕ್ಕೆ ಕಾಲಲ್ಲಿ ಮೆಟ್ಟಿಕೊಂಡು ಹೋಗುವುದುಂಟೇ? ಎಲ್ಲರೂ ಬಾಗಿಲ ಹೊರಗೆ ಬೂಟು ಸಾಲಾಗಿ ಬಿಟ್ಟು ಬರಿಗಾಲಲ್ಲಿ ಒಳಗೆ ಹೋಗಿ ಜಾಡಿ ಹೊರುತ್ತಿದ್ದರು. ಮದರಾಸಿನ ವಲಯ ಕಚೇರಿಯಿಂದ ಬಂದ ತಪಾಸಣೆಯವರು ಹೊರಗಿನ ಬೂಟುಗಳನ್ನು ಎಣಿಸಿದರು, ಹಾಜರಿ ಪುಸ್ತಕದ ಹೆಸರುಗಳನ್ನು ಎಣಿಸಿದರು, ಎರಡೂ ತಾಳೆಯಾಯಿತು. ಅವರು ತಮ್ಮ ಬೂಟನ್ನೂ ಅಲ್ಲೇ ಬಿಚ್ಚಿಟ್ಟು ಒಳಗೆ ಹೋದರು.

ಇಂಥವನ್ನೆಲ್ಲ ಹೇಳಿ ನಾನು ಎಷ್ಟೋ ಮದುವೆ ಮನೆಗಳಲ್ಲಿ ಜನರನ್ನು ನಗಿಸಿದ್ದೇನೆ. ಆದರೆ ಶ್ರೀನಿವಾಸಪುರದ್ದನ್ನು ಮಾತ್ರ ಹಾಗೆ ಎಲ್ಲೂ ಹೇಳಿರಲಿಲ್ಲ.

ಅಲ್ಲಿನ ಶೆಡ್ಡಿಗೆ ಮ್ಯಾನೇಜರ್ ಅಶ್ವತ್ಥಯ್ಯನವರು. ಮನುಷ್ಯ ಕೆಟ್ಟವರಲ್ಲ, ಅವರಿಗೆ ಒಂದೇ ಒಂದು ಹುಚ್ಚು. ಎಲ್ಲ ದೇಶಗಳ ಶಾಖೆಗಳ ಪೈಕಿ ಯಾವುದು ಅತಿ ಹೆಚ್ಚು ದಿನ ಅಪಘಾತವಿಲ್ಲದೆ ಕಳೆಯುತ್ತದೋ ಅದಕ್ಕೆ ದೊಡ್ಡ ಕಚೇರಿ ಒಂದು ಬೆಳ್ಳಿಯ ಶೀಲ್ಡ್ ಕೊಡುತ್ತಿತ್ತು. ಶೆಡ್ಡಿನ ಬಾಗಿಲಲ್ಲಿ ಒಂದು ಕಪ್ಪು ಹಲಗೆ ಇತ್ತು. ಮೇಲೆ 'ಅಪಘಾತವಿಲ್ಲದ ದಿನಗಳು' ಎಂದು ಬರೆದು, ಕೆಳಗೆ ಪ್ರತಿದಿನ ಬೆಳಿಗ್ಗೆ ಅಶ್ವತ್ಥಯ್ಯನವರು ಸ್ನಾನ ಮಾಡಿ ವಿಭೂತಿ ಇಟ್ಟುಕೊಂಡು ಬಂದು ಸೀಮೆಸುಣ್ಣದಲ್ಲಿ ಹೊಸ ಅಂಕಿ ಬರೆಯುತ್ತಿದ್ದರು. ಆ ಅಂಕಿಗೆ ಕೈಮುಗಿಯುವುದೊಂದು ಬಾಕಿ.

ಮಾವಿನಕಾಯಿ ಹೆಚ್ಚುವ ಹೆಂಗಸರಿಗೆಲ್ಲ ಮೇಸ್ತ್ರಿಯಾಗಿದ್ದವಳು ಮುನಿವೆಂಕಟಮ್ಮ. ನಲವತ್ತರ ಆಸುಪಾಸಿನ ಗಟ್ಟಿ ಹೆಂಗಸು, ಅರ್ಧ ಮಾತು ಕನ್ನಡ, ಅರ್ಧ ತೆಲುಗು. ತೋಪಿನವರು ಕಾಯಿಯನ್ನು ಬೆರಳುದ್ದದ ತೊಟ್ಟಿನ ಸಮೇತ ತರುತ್ತಿದ್ದರು. ಮುನಿವೆಂಕಟಮ್ಮ ಮತ್ತು ಅವಳ ಕಡೆಯವರು ಕಾಯಿಯನ್ನು ನೀರಿನ ತೊಟ್ಟಿಯೊಳಗೆ ತಲೆಕೆಳಗಾಗಿ ಮುಳುಗಿಸಿ, ನೀರಿನಲ್ಲೇ ತೊಟ್ಟು ಮುರಿದು, ಆಮೇಲೆ ಗೋಣಿತಾಟಿನ ಮೇಲೆ ಬೋರಲು ಹಾಕುತ್ತಿದ್ದರು. ಒಂದು ಗಳಿಗೆ ಬಿಟ್ಟು ಈಳಿಗೆಮಣೆಗೆ. ಯಾಕೆ ಹಾಗೆ ಮಾಡುತ್ತಾರೆ ಎಂದು ನಾನು ಕೇಳಲಿಲ್ಲ. ಪುಸ್ತಕದಲ್ಲಿ ಇರಲಿಲ್ಲವಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಒಂದು ಮಾವಿನ ಸುಗ್ಗಿ ಶುರುವಾಗುವ ಹೊತ್ತಿಗೆ ದೊಡ್ಡ ಕಚೇರಿಯಿಂದ ಸುತ್ತೋಲೆ ಬಂತು. ಒಂದು ಶಾಖೆಯಲ್ಲಿ ಹಣ್ಣಿನ ತೊಟ್ಟು ಚುಚ್ಚಿ ಕೆಲಸಗಾರನೊಬ್ಬನ ಕೈಗೆ ಗಾಯವಾಗಿದೆ. ಇನ್ನು ಮುಂದೆ ಎಲ್ಲ ದೇಶಗಳಲ್ಲೂ ಹಣ್ಣು ಕಾಯಿಗಳ ತೊಟ್ಟನ್ನು ಗೇಟಿನಲ್ಲೇ ತೆಗೆದು ಒಳಗೆ ಬಿಡತಕ್ಕದ್ದು. ತೆಗೆಯುವವರು ಬಟ್ಟೆಯ ಕೈಗವಸು ಹಾಕತಕ್ಕದ್ದು. ನನಗೆ ಉತ್ಸಾಹ ಬಂದುಬಿಟ್ಟಿತು. ಗೇಟಿನ ಪಕ್ಕ ಚಪ್ಪರ ಹಾಕಿಸಿದೆ. ಮುನಿವೆಂಕಟಮ್ಮನನ್ನೂ ಇನ್ನು ಮೂವರನ್ನೂ ಅಲ್ಲಿ ಕೂರಿಸಿ, ಬಿಳೀ ಕೈಗವಸು ತೊಡಿಸಿ, ಗಾಡಿಯಿಂದ ಇಳಿದ ಕಾಯಿಯ ತೊಟ್ಟನ್ನು ಪಟಪಟನೆ ಮುರಿದು ಬುಟ್ಟಿಗೆ ಹಾಕಲು ಹೇಳಿದೆ. ನೀರಿನ ತೊಟ್ಟಿಗೆ ಇನ್ನು ಕೆಲಸವಿಲ್ಲ ಅಂತ ಅದನ್ನು ಬತ್ತಿಸಿದೆ.

ಮುನಿವೆಂಕಟಮ್ಮ ಕೈಗವಸನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಸಾಮೀ, ನೀರಾಗೆ ಮುರೀದೆ ಇಂಗೇ ಒಣಾಗಿ ಮುರಿಯಾದಾ?"

"ಹೂಂನಮ್ಮ. ತೊಟ್ಟು ಚುಚ್ಚುತ್ತೆ ಅಂತ ಮೇಲಿಂದ ಆರ್ಡರ್ ಬಂದಿದೆ."

"ಮಾವಿನ ತೊಟ್ಟು ಚುಚ್ತದಾ? ಎವರು ಚೆಪ್ಪಾರು, ಯಾರ್ ಹೇಳಿದ್ರು ಸಾಮಿ?"

"ನೀನು ಹೇಳಿದಷ್ಟು ಮಾಡು" ಅಂದೆ.

ನಾನು ವಕ್ಕಲೇರಿಯವನು. ನಮ್ಮ ಮನೆಯ ಹಿಂದೆಯೇ ಮಾವಿನ ಮರಗಳಿದ್ದವು. ಹುಡುಗನಾಗಿದ್ದಾಗ ಕದ್ದ ಕಾಯಿಯ ತೊಟ್ಟನ್ನು ಹಲ್ಲಲ್ಲಿ ಕಚ್ಚಿ ಕಿತ್ತು, ಸೊನೆ ಚಿಮ್ಮಿ ತುಟಿಯೆಲ್ಲ ಸುಟ್ಟುಕೊಂಡು ಅವ್ವನ ಕೈಲಿ ಏಟು ತಿಂದವನು. ಅಂಥ ನಾನು ಆ ಚಪ್ಪರದ ಕೆಳಗೆ ನಿಂತು, ಸೊನೆ ಹನಿ ಹನಿಯಾಗಿ ಆ ಬಿಳೀ ಕೈಗವಸಿಗೆ ಇಳಿಯುವುದನ್ನು ಕಣ್ಣಾರೆ ನೋಡುತ್ತಾ, ಪಟ್ಟಿಯಲ್ಲಿ 'ಕೈಗವಸು: ಸರಿ' ಎಂದು ಗುರುತು ಹಾಕಿದೆ. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ವಾರ ಕಳೆಯುವಷ್ಟರಲ್ಲಿ ಅವಳು ಕೈಗವಸು ಬಿಚ್ಚಿಟ್ಟು ಬರಿಗೈಯಲ್ಲಿ ಮುರಿಯುತ್ತಿದ್ದಳು. ನಾನು ಗದರಿದೆ. "ಉರಿ ಸಾಮೀ. ಈ ಬಟ್ಟೆ ಸೊನೆ ಕುಡ್ಕೊಂಡು ದಿನವೆಲ್ಲಾ ಕೈಗೆ ಅಂಟ್ಕೊಂಡಿರ್ತೈತೆ" ಅಂದಳು. ನಾನು ಮತ್ತೆ ಹಾಕಿಸಿದೆ. ಮೂರನೇ ವಾರಕ್ಕೆ ಅವಳ ಎರಡೂ ಅಂಗೈ ಕಪ್ಪಾಗಿ, ಬೊಬ್ಬೆಯೆದ್ದು, ಸಿಪ್ಪೆ ಸುಲಿಯುತ್ತಿತ್ತು. ಉಳಿದ ಮೂವರು ಹೇಳದೆ ಕೇಳದೆ ಕೆಲಸ ಬಿಟ್ಟಿದ್ದರು, ಅವರ ಜಾಗಕ್ಕೆ ಬೇರೆಯವರು ಬಂದಿದ್ದರು. ಮೇಸ್ತ್ರಿ ಎಂಬ ಮರ್ಯಾದೆಗೆ ಇವಳೊಬ್ಬಳು ಉಳಿದಿದ್ದಳು.

ನಾನು ಅಶ್ವತ್ಥಯ್ಯನವರ ಹತ್ತಿರ ಹೋದೆ. ಅವರು ಮೊದಲು ಹಲಗೆಯ ಕಡೆ ನೋಡಿದರು. ಶೀಲ್ಡಿಗೆ ಇನ್ನು ಒಂದೇ ತಿಂಗಳು ಬಾಕಿ.

"ಏನ್ರೀ, ರಕ್ತ ಬಂತಾ?"

"ಇಲ್ಲ ಸಾರ್."

"ಬಿದ್ಲಾ? ಮಿಷನ್ನಿಗೆ ಕೈ ಕೊಟ್ಲಾ? ಬೆಂಕಿ? ಕರೆಂಟು?"

"ಯಾವುದೂ ಇಲ್ಲ ಸಾರ್. ಸೊನೆ."

"ಸೊನೆ ಅಂತ ಪುಸ್ತಕದಲ್ಲಿದೆಯಾ?"

ಇರಲಿಲ್ಲ. ಆದರೆ ಒಂಬತ್ತನೇ ಅಧ್ಯಾಯ, ಶುಚಿತ್ವದ್ದು, ಇತ್ತು. ಚರ್ಮದ ಕಾಯಿಲೆ ಇರುವವರು ಆಹಾರ ಪದಾರ್ಥ ಮುಟ್ಟಕೂಡದು, ಅಂಥವರನ್ನು ಕೆಲಸದಿಂದ ಬಿಡಿಸಿ, ಫಾರಂ ತುಂಬಿ, ಅವರ ಸಹಿ ಪಡೆದು ವಲಯ ಕಚೇರಿಗೆ ಕಳಿಸತಕ್ಕದ್ದು. ಹೀಗೆ ಮಾಡಿದರೆ ಅದು ಅಪಘಾತವಲ್ಲ, ಹಲಗೆಯ ಅಂಕಿ ಮುಂದುವರಿಯುತ್ತದೆ. "ಅಷ್ಟೇ ನೋಡಿ, ಸಿಂಪಲ್ಲು" ಅಂದರು ಅಶ್ವತ್ಥಯ್ಯ. ನಾನು ಫಾರಂ ತುಂಬಿದೆ. 'ಚರ್ಮದ ಕಾಯಿಲೆ' ಎಂದು ನನ್ನ ಕೈಬರಹದಲ್ಲೇ ಬರೆದೆ. ಮುನಿವೆಂಕಟಮ್ಮನಿಗೆ ಓದು ಬರಹ ಬಾರದು. ಇಂಕ್ ಪ್ಯಾಡಿನ ಮೇಲೆ ಅವಳ ಹೆಬ್ಬೆಟ್ಟು ಒತ್ತಿದಾಗ ಅವಳು ಹಲ್ಲು ಕಚ್ಚಿಕೊಂಡಳು. ಅವಳು ಮನೆಗೆ ಹೋದಳು. ನಾನು ಫಾರಂ ಮದರಾಸಿಗೆ ಕಳಿಸಿದೆ.

ಎಂಟು ದಿನಕ್ಕೆ ಫಾರಂ ವಾಪಸು ಬಂತು. ಕೆಂಪು ಶಾಯಿಯಲ್ಲಿ, 'ಹೆಬ್ಬೆಟ್ಟಿನ ಗುರುತು ಅಸ್ಪಷ್ಟ. ಪುನಃ ಪಡೆದು ಕಳಿಸಿ.'

ಸ್ಕೂಟರ್ ಹತ್ತಿ ಅವಳ ಊರಿಗೆ ಹೋದೆ. ಮನೆಯ ಮುಂದೆ ಕೂತಿದ್ದಳು, ಎರಡು ಕೈಗೂ ಹರಳೆಣ್ಣೆ ಹಚ್ಚಿಕೊಂಡು. ಮಗಳು ಲಕ್ಷ್ಮೀದೇವಿ ಒಳಗಿನಿಂದ ಇಣುಕಿ, ನನ್ನನ್ನು ನೋಡಿ, ಬಾಗಿಲು ಮುಚ್ಚಿಕೊಂಡಳು. ಎಣ್ಣೆ ಒರೆಸಿ ಒಂದು ಹಾಳೆಯ ಮೇಲೆ ಮತ್ತೆ ಹೆಬ್ಬೆಟ್ಟು ಒತ್ತಿಸಿಕೊಂಡೆ. ಬರೀ ಒಂದು ನೀಲಿ ಕಲೆ. ಅದರ ಪಕ್ಕದಲ್ಲೇ ಇನ್ನೊಂದು ಸಲ ಒತ್ತಿಸಿದೆ, ಅದೂ ಕಲೆಯೇ. ಎಡಗೈಯದನ್ನು ಬಿಟ್ಟು ಬಲಗೈಯದನ್ನು ಒತ್ತಿಸಿದೆ. ಆಮೇಲೆ ಅವಳ ಕೈಯನ್ನು ಹಿಡಿದು ಬೆಳಕಿಗೆ ತಿರುಗಿಸಿದೆ. ಹೆಬ್ಬೆರಳಿನ ತುದಿ ನುಣ್ಣಗೆ, ಕೆಂಪಗೆ ಇತ್ತು. ಗೆರೆಗಳೇ ಇರಲಿಲ್ಲ.

ಅಷ್ಟು ದಿನದಲ್ಲಿ ನಾನು ಆ ಕೈಯನ್ನು ಸರಿಯಾಗಿ ನೋಡಿದ್ದು ಅದೇ ಮೊದಲು. ಅದಕ್ಕೆ ಮುಂಚೆ ಕಣ್ಣಿಟ್ಟಿದ್ದೆಲ್ಲ ಕೈಗವಸಿನ ಮೇಲೆ, ಫಾರಮ್ಮಿನ ಮೇಲೆ.

"ಯಾಕ್ ಸಾಮೀ, ಬರ್ಲಿಲ್ವಾ?" ಅಂದಳು.

ನಾನು ಇಂಕ್ ಪ್ಯಾಡಿನ ಮುಚ್ಚಳ ಹಾಕಿದೆ. ಅವಳೇ ಮುಂದುವರಿಸಿದಳು. "ನೀವು ಕಾಗ್ದದಾಗೆ ಏನು ಬರೆದ್ರೋ ಗೊತ್ತಿಲ್ಲ. ಊರೆಲ್ಲಾ ಹಬ್ಬಿಬುಟ್ಟೈತೆ, ಮುನಿವೆಂಕಟಮ್ಮಂಗೆ ಚರ್ಮದ ಕಾಯ್ಲೆಯಂತೆ, ಕಂಪ್ನಿಯೋರೇ ಬರ್ಕೊಟ್ಟವ್ರಂತೆ ಅಂತ. ಹೋಳೂರಿಂದ ಗಂಡಿನ ಕಡೆಯೋರು ಎಲೆ ಅಡಿಕೆ ಬದಲಾಯ್ಸೋಕೆ ಬರಬೇಕಾಗಿತ್ತು. ಬರ್ಲಿಲ್ಲ. ತಾಯಿಗಿದ್ರೆ ಮಗೀಗೂ ಬರ್ತದೆ ಅಂದ್ರಂತೆ. ಕೆಲ್ಸ ಹೋದ್ರೆ ಹೋಗ್ಲಿ ಸಾಮೀ. ನನ್ ಮಗಳು ಏನ್ ಮಾಡಿತ್ತು?"

ಬಾಗಿಲ ಹಿಂದೆ ಆ ಹುಡುಗಿ ಅಳುತ್ತಿದ್ದುದು ಕೇಳಿಸುತ್ತಿತ್ತು.

"ನಾನು ಅವರಿಗೆ ಹೇಳ್ತೀನಿ" ಅಂದೆ.

"ಬಾಯಾಗೆ ಹೇಳಿದ್ರೆ ಯಾರ್ ನಂಬ್ತಾರೆ? ಕಾಗ್ದದಾಗೆ ಬರ್ದಿದ್ದು ಕಾಗ್ದದಾಗೇ ಹೋಗ್ಬೇಕು. ಬರ್ದೋರೇ ಬಂದು ಓದ್ಬೇಕು."

ಕೋಲಾರಕ್ಕೆ ಬಂದು ಮೊದಲು ಆ ಸುತ್ತೋಲೆಯನ್ನು ತೆಗೆದು, ಹಿಂದೆ ಲಗತ್ತಿಸಿದ್ದ, ನಾನು ಓದದೇ ಬಿಟ್ಟಿದ್ದ ಎರಡನೇ ಹಾಳೆಯನ್ನು ಓದಿದೆ. ತೊಟ್ಟು ಚುಚ್ಚಿದ್ದು ಆಫ್ರಿಕಾದ ಶಾಖೆಯಲ್ಲಿ. ಚುಚ್ಚಿದ್ದು ಅನಾನಸ್.

ಅಪಘಾತದ ಫಾರಂ ತುಂಬಲು ಕೂತೆ. ಗಾಯಕ್ಕೆ ಕಾರಣ ಎಂಬಲ್ಲಿ ಯಂತ್ರ, ಬೀಳುವಿಕೆ, ಬೆಂಕಿ, ವಿದ್ಯುತ್, ಅಲಗು ಎಂದು ಐದು ಚೌಕಗಳಿದ್ದವು. ಐದನ್ನೂ ಹೊಡೆದುಹಾಕಿ ಪಕ್ಕದಲ್ಲಿ, 'ಸುರಕ್ಷತಾ ಅಧಿಕಾರಿಯ ಆದೇಶ' ಎಂದು ಬರೆದೆ. ಅದರ ಕೆಳಗೆ ಸೊನೆಯ ವಿಷಯ, ನೀರಿನ ತೊಟ್ಟಿಯ ವಿಷಯ, ಕೈಗವಸಿನ ವಿಷಯ. ಸಾಕ್ಷಿಯಾಗಿ ಗೆರೆಯಿಲ್ಲದ ಹೆಬ್ಬೆಟ್ಟಿನ ಆ ಹಾಳೆ. ಹಳೆಯ ಫಾರಂ ತಪ್ಪು, ರದ್ದು ಮಾಡತಕ್ಕದ್ದು ಎಂದು ಸಹಿ ಹಾಕಿದೆ.

ಅಶ್ವತ್ಥಯ್ಯನವರು ಓದಿ ಕುರ್ಚಿಯಿಂದ ಎದ್ದೇಬಿಟ್ಟರು. "ರೀ, ನಿಮಗೇನು ತಲೆ ಕೆಟ್ಟಿದೆಯೇನ್ರೀ? ಇನ್ನು ಇಪ್ಪತ್ತು ದಿನ ಸುಮ್ನಿದ್ದಿದ್ರೆ ಶೀಲ್ಡು ನಮ್ಮದು! ತಮ್ಮ ಮೇಲೆ ತಾವೇ ಯಾರಾದ್ರೂ ಕಂಪ್ಲೇಂಟ್ ಬರ್ಕೋತಾರೇನ್ರೀ?"

"ಹೆಬ್ಬೆಟ್ಟು ಬರ್ತಿಲ್ಲ ಸಾರ್" ಅಂದೆ.

"ಹೆಬ್ಬೆಟ್ಟಿಗೇನ್ರೀ, ನನ್ನದೇ ಒತ್ತಿ ಕಳಿಸಿದ್ರಾಗ್ತಿತ್ತು!"

ನಾನು ಹಾಳೆಯನ್ನು ಅವರ ಮುಂದೆ ಇಟ್ಟೆ. ಮೂರು ಸಲ ಒತ್ತಿಸಿದ ಮೂರು ನೀಲಿ ಕಲೆಗಳು. ಅವರು ಕನ್ನಡಕ ಹಾಕಿಕೊಂಡು ನೋಡಿದರು, ಕನ್ನಡಕ ತೆಗೆದು ನೋಡಿದರು. ಆಮೇಲೆ ಹೊರಗೆ ಹೋಗಿ, ಅಂಗೈಯಿಂದ ಹಲಗೆಯ ಅಂಕಿಯನ್ನು ಒರೆಸಿ, ಸೊನ್ನೆ ಬರೆದರು. ಒಳಗೆ ಬಂದು ಕೂತು, "ತೊಟ್ಟಿಗೆ ನೀರು ಬಿಡಿಸ್ರೀ" ಅಂದರು. ಅದಾದ ಮೇಲೆ ಒಂದು ವರ್ಷ ಅವರು ನನ್ನ ಜೊತೆ ಕಾಫಿ ಕುಡಿಯಲಿಲ್ಲ.

ಫಾರಮ್ಮಿನ ನಕಲು ಹಿಡಿದು ಹೋಳೂರಿಗೆ ಹೋದೆ. ಗಂಡಿನ ತಂದೆ ದೊಡ್ಡ ಮೀಸೆಯ ಯಜಮಾನರು. ಹಜಾರದಲ್ಲಿ ಮನೆಯವರೂ ಅಕ್ಕಪಕ್ಕದವರೂ ಸೇರಿದ್ದರು. ವರದಿ ಇಂಗ್ಲಿಷಿನಲ್ಲಿತ್ತು, ನಾನು ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದೆ. ಇದು ಕಾಯಿಲೆಯಲ್ಲ, ಸೊನೆಯ ಸುಟ್ಟಗಾಯ, ನೀರಿನಲ್ಲಿ ತೊಟ್ಟು ಮುರಿಯುವ ಪದ್ಧತಿಯನ್ನು ಕಂಪನಿಯ ಸುರಕ್ಷತಾ ಅಧಿಕಾರಿ ತಪ್ಪಿಸಿದ್ದರಿಂದ ಆದದ್ದು ಎಂದೆ.

ಯಜಮಾನರು ಮೀಸೆ ತಿರುವುತ್ತಾ ಕೇಳಿದರು. "ಒಣಾಗಿ ತೊಟ್ಟು ಮುರಿ ಅಂದ್ನಾ? ಮಾವಿನಕಾಯಿಗಾ?"

"ಹೌದು."

"ಯಾವ್ ದೇಶದೋನು ಸಾರ್ ಅವ್ನು? ಬಿಳೀ ದೊರೇನಾ?"

"ಅಲ್ಲ, ವಕ್ಕಲೇರಿಯವನು."

"ವಕ್ಕಲೇರಿಯೋನಾ!" ಹಜಾರದಲ್ಲಿದ್ದವರೆಲ್ಲ ಬಾಯ ಮೇಲೆ ಕೈ ಇಟ್ಟುಕೊಂಡರು. "ಮಾವಿನ ತೋಪಿನ ಮಧ್ಯೆ ಹುಟ್ಟಿ ಅಷ್ಟೂ ಗೊತ್ತಾಗ್ಲಿಲ್ವಾ ಆ ಮುಂಡೇಗಂಡಂಗೆ? ಈಗ ಎಲ್ಲವ್ನೆ? ಕೆಲ್ಸದಿಂದ ಕಿತ್ತಾಕಿದ್ರಾ?"

"ಇಲ್ಲ. ನಿಮ್ಮ ಮುಂದೆಯೇ ಕೂತಿದ್ದಾನೆ."

ಯಜಮಾನರ ಕೈ ಮೀಸೆಯಿಂದ ಕೆಳಗಿಳಿಯಿತು. ಆಮೇಲೆ ಒಳಗಿನಿಂದ ಒಬ್ಬ ಮುದುಕಿ ಕಿಸಕ್ಕನೆ ನಕ್ಕಳು. ಯಜಮಾನರು ಕೆಮ್ಮಿ, ಮೇಲುಹೊದಿಕೆ ಸರಿಮಾಡಿಕೊಂಡು, "ಏಯ್, ಸಾರಿಗೆ ಮಜ್ಜಿಗೆ ತಗಂಬನ್ರೇ" ಅಂದರು. ಮುಂದಿನ ವಾರ ಅವರು ಎಲೆ ಅಡಿಕೆ ಬದಲಾಯಿಸಿಕೊಂಡರು. ಮದುವೆಗೆ ನನ್ನನ್ನೂ ಕರೆದಿದ್ದರು. ಅಲ್ಲಿ ಎಲ್ಲರೂ ನನ್ನನ್ನು ಬೆರಳು ಮಾಡಿ ತೋರಿಸಿ, ಇವರೇ ಅವರು ಎಂದು ಪರಿಚಯ ಮಾಡಿಕೊಟ್ಟರು.

ದೊಡ್ಡ ಕಚೇರಿಯಿಂದಲೂ ಉತ್ತರ ಬಂತು. ನನ್ನನ್ನು ಬಯ್ಯುತ್ತಾರೆ ಎಂದುಕೊಂಡಿದ್ದೆ. ಬದಲಿಗೆ ಹೊಸ ಸುತ್ತೋಲೆ. ಇನ್ನು ಮುಂದೆ ಎಲ್ಲ ದೇಶಗಳಲ್ಲೂ ಹಣ್ಣು ಕಾಯಿಗಳ ತೊಟ್ಟನ್ನು ಬೆರಳುದ್ದ ಉಳಿಸಿ, ನೀರಿನಲ್ಲಿ ತಲೆಕೆಳಗಾಗಿ ಮುಳುಗಿಸಿಯೇ ಮುರಿಯತಕ್ಕದ್ದು. ಆರು ತಿಂಗಳಾದ ಮೇಲೆ ಅನಾನಸ್ ಶಾಖೆಯ ನನ್ನಂಥವನೇ ಒಬ್ಬ ಸೇಫ್ಟಿ ಆಫೀಸರ್ ನನಗೆ ನೇರವಾಗಿ ಕಾಗದ ಬರೆದ. ತಮ್ಮಲ್ಲಿ ನೀರಿನ ತೊಟ್ಟಿ ಕಟ್ಟಿಸಿದ್ದಾಗಿದೆ, ಅನಾನಸ್ ತಲೆಕೆಳಗಾಗಿ ಮುಳುಗಿಸುತ್ತಿದ್ದೇವೆ, ಕೆಲಸದವರು ನಗುತ್ತಾರೆ, ಇದರಿಂದ ಏನು ಪ್ರಯೋಜನವೆಂದು ದಯವಿಟ್ಟು ತಿಳಿಸಬೇಕು ಎಂದು. ನಾನು ಅವನಿಗೆ, 'ಪುಸ್ತಕ ಮುಚ್ಚಿಟ್ಟು ನಗುವವರನ್ನೇ ಕೇಳು' ಎಂದು ಬರೆದೆ. ಹದಿನೈದು ವರ್ಷ ನಾವು ಕಾಗದ ಬರೆದುಕೊಂಡೆವು, ಮುಖ ನೋಡಲಿಲ್ಲ.

ಮುಂದಿನ ಸುಗ್ಗಿಗೆ ಮುನಿವೆಂಕಟಮ್ಮ ಮತ್ತೆ ಕೆಲಸಕ್ಕೆ ಬಂದಳು. ನಾನೇ ಹಾಜರಿ ಪುಸ್ತಕ, ಇಂಕ್ ಪ್ಯಾಡು ತಂದಿಟ್ಟೆ. ಅವಳು ಹೆಬ್ಬೆಟ್ಟು ಒತ್ತಿ, ನಿಧಾನವಾಗಿ ಎತ್ತಿದಳು. ಇಬ್ಬರೂ ಬಗ್ಗಿ ನೋಡಿದೆವು. ನಡುವೆ ಒಂದು ಬಿಳೀ ಮಚ್ಚೆ, ಅದರ ಸುತ್ತ ಗೆರೆಗಳು, ಸಣ್ಣಗೆ, ಒಂದರ ಪಕ್ಕ ಒಂದು.

"ಬಂತು ಕಣಮ್ಮ" ಅಂದೆ.

"ಮಧ್ಯದಾಗೆ ಬರ್ಲಿಲ್ಲ ಅಲ್ವಾ ಸಾಮೀ?"

"ಅದು ಬರಲ್ವೇನೋ."

"ಪೋನೀ ಬುಡಿ, ಇಷ್ಟ್ ಬಂತಲ್ಲ" ಅಂದಳು. ಆಮೇಲೆ ಏನನ್ನಿಸಿತೋ, ಇಂಕ್ ಪ್ಯಾಡನ್ನು ನನ್ನ ಕಡೆ ತಳ್ಳಿದಳು. "ನೀವೂ ಒಂದ್ಸಲ ಒತ್ರೀ ಸಾಮೀ, ನೋಡಾನ."

ಅವಳ ಗುರುತಿನ ಪಕ್ಕ ನಾನೂ ಒತ್ತಿದೆ. ಒಂದು ಗೆರೆಯೂ ಕೆಡದೆ, ಸುರುಳಿ ಸುರುಳಿಯಾಗಿ, ಅಚ್ಚುಕಟ್ಟಾಗಿ ಬಂತು. ನಾಲ್ಕೂ ಊರುಗಳನ್ನು ಸೇರಿಸಿ ನೋಡಿದರೆ, ನನ್ನ ಅಷ್ಟು ವರ್ಷದ ಕೆಲಸದಲ್ಲಿ ಪೂರ್ತಿ ಸುರಕ್ಷಿತವಾಗಿ ಉಳಿದ ಹೆಬ್ಬೆಟ್ಟು ಅದೊಂದೇ.